ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು

ಕಳೆದ ಚಳಿಗಾಲದಲ್ಲಿ ನಮ್ಮ ವಿಭಾಗದ ಅಧ್ಯಯನ ಪ್ರವಾಸ ಗೋವೆಗೆ ಹೋಗಿತ್ತು. ಗೋವೆಯ ಕದಂಬರ ಕುರುಹುಗಳನ್ನು ನೋಡುವುದು ನಮ್ಮ ಉದ್ದೇಶವಾಗಿತ್ತು. ಕಾಡಿನ ನಡುವಣ ತಾಂಬಡಿ ಸುರ್ಲಾದ ಮಹಾದೇವ ದೇಗುಲವನ್ನು ನೋಡಿದೆವು. ಒಂದು ಕಾಲಕ್ಕೆ ಚಂದ್ರಪುರವೆಂದು ಹೆಸರಾಗಿದ್ದ ಚಾಂದೋರದಲ್ಲಿ ಸುತ್ತಾಡಿದೆವು. ಕೊನೆಯ ದಿನ ಪಣಜಿಯಲ್ಲಿ, ಮಾಂಡೋವಿ ನದಿಯ ದಂಡೆಯ ಹಳೆಯ ಸಚಿವಾಲಯದ ಪಕ್ಕದಲ್ಲಿ, ಕದಂಬರಿಗೆ ಸಂಬಂಧವೇ ಇಲ್ಲದ ಒಂದು ಕಂಚಿನ ಪ್ರತಿಮೆಯ ಮುಂದೆ ನಮ್ಮ ಗುಂಪು ನಿಂತುಬಿಟ್ಟಿತು. ನಿಲುವಂಗಿ ತೊಟ್ಟ ಪಾದ್ರಿಯೊಬ್ಬರು ಎರಡೂ ಕೈಗಳನ್ನು ಮುಂದೆ ಚಾಚಿದ್ದಾರೆ. ಆ ಕೈಗಳ ಕೆಳಗೆ ಹೆಂಗಸೊಬ್ಬಳು ಎಚ್ಚರ ತಪ್ಪಿದವಳಂತೆ ವಾಲಿದ್ದಾಳೆ. "ಇದು ವಶೀಕರಣ ಸರ್" ಎಂದ ಒಬ್ಬ ವಿದ್ಯಾರ್ಥಿ. "ಕೈಯಿಂದ ಶಕ್ತಿ ಹರಿಸ್ತಾ ಇದ್ದಾರೆ ನೋಡಿ" ಎಂದಳು ಮತ್ತೊಬ್ಬಳು. ಉಳಿದವರು ತಲೆಯಾಡಿಸಿದರು. ನೋಡಿದವರಿಗೆಲ್ಲ ಹಾಗೆಯೇ ಕಾಣುವ ಪ್ರತಿಮೆ ಅದು.

ಆದರೆ ಆ ಪಾದ್ರಿ ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಸವೆಸಿದ್ದು, ಕೈಯಿಂದ ಯಾವ ಶಕ್ತಿಯೂ ಹರಿಯುವುದಿಲ್ಲ ಎಂದು ಸಾರುವುದಕ್ಕಾಗಿ. ಅವರ ಗೌರವಾರ್ಥ ನಿಲ್ಲಿಸಿದ ಪ್ರತಿಮೆಯೇ ಅವರ ಮಾತಿಗೆ ವಿರುದ್ಧವಾದುದನ್ನು ನೋಡುಗರಿಗೆ ಹೇಳುತ್ತಿದೆ. ಮನಸ್ಸನ್ನು ಕುರಿತ ನಮ್ಮ ಲೋಕರೂಢಿಯ ತಿಳಿವಳಿಕೆಗೂ ಮನೋವಿಜ್ಞಾನಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸಬಲ್ಲ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಐಚ್ಛಿಕ ಕನ್ನಡವನ್ನು ಓದುವವರಿಗೆ ಈ ಅಂತರ ಏಕೆ ಮುಖ್ಯವಾಗಬೇಕು ಎಂಬುದನ್ನು ಹೇಳುವುದು ಈ ಬರಹದ ಉದ್ದೇಶ.

ಪ್ರತಿಮೆಯಲ್ಲಿರುವವರು ಅಬೆ ಫಾರಿಯಾ. ಪೂರ್ಣ ಹೆಸರು ಜೋಸೆ ಕುಸ್ತೋದಿಯೊ ಡಿ ಫಾರಿಯಾ. 1756ರಲ್ಲಿ ಬಾರ್ದೇಸ್ ತಾಲ್ಲೂಕಿನ ಕಾಂದೋಳಿಯಲ್ಲಿ ಹುಟ್ಟಿದರು. ತಂದೆತಾಯಿ ಬೇರೆಯಾದರು, ತಂದೆ ಪಾದ್ರಿಯಾದರು, ತಾಯಿ ಸನ್ಯಾಸಿನಿಯರ ಮಠ ಸೇರಿದರು. 1771ರಲ್ಲಿ, ಇನ್ನೂ ಹದಿನೈದರ ಹರೆಯದಲ್ಲಿ, ತಂದೆಯೊಡನೆ ಹಡಗು ಹತ್ತಿ ಲಿಸ್ಬನ್‌ಗೆ ಹೋದರು. ರೋಮಿನಲ್ಲಿ ಓದಿ ಪಾದ್ರಿಯಾದರು. ಒಂದು ಐತಿಹ್ಯವನ್ನು ಗೋವೆಯಲ್ಲಿ ಇಂದಿಗೂ ಹೇಳುತ್ತಾರೆ. ಪೋರ್ಚುಗಲ್ಲಿನ ರಾಣಿಯ ಎದುರು ಪ್ರವಚನ ಮಾಡಲು ನಿಂತ ಯುವಕ ಫಾರಿಯಾಗೆ ಬಾಯಿ ಕಟ್ಟಿಹೋಯಿತಂತೆ. ಪೀಠದ ಕೆಳಗಿದ್ದ ತಂದೆ ಕೊಂಕಣಿಯಲ್ಲಿ ಮೆಲ್ಲನೆ, "ಹೀ ಸಗ್ಳಿ ಭಾಜಿ, ಕಾತರ್ ರೇ ಭಾಜಿ" ಎಂದರಂತೆ. ಇವರೆಲ್ಲ ಬರೀ ಕಾಯಿಪಲ್ಲೆ, ಕೊಚ್ಚಿಹಾಕು ಎಂದು ಅರ್ಥ. ಮಗನ ಭಯ ಹಾರಿಹೋಯಿತು, ಮಾತು ಹರಿಯಿತು. ಇದು ನಡೆದದ್ದೋ ಕಟ್ಟಿದ್ದೋ, ಒಂದು ಮಾತು ಕೇಳುವವನ ಒಳಗೆ ಏನು ಮಾಡಬಲ್ಲದು ಎಂಬುದನ್ನು ಮುಂದೆ ಹುಡುಕಿಕೊಂಡು ಹೋದ ಮನುಷ್ಯನಿಗೆ ತಕ್ಕ ಕಥೆಯಂತೂ ಹೌದು.

ಗೋವೆಯಲ್ಲಿ 1787ರಲ್ಲಿ ಪೋರ್ಚುಗೀಸರ ವಿರುದ್ಧ ನಡೆದ ಪಿಂಟೊ ಬಂಡಾಯದ ಬಳಿಕ ತಂದೆಮಕ್ಕಳ ಮೇಲೂ ಅಧಿಕಾರಿಗಳ ಸಂಶಯದ ಕಣ್ಣು ಬಿತ್ತು. ಫಾರಿಯಾ ಫ್ರಾನ್ಸನ್ನು ಸೇರಿದರು. 1813ರಲ್ಲಿ ಪ್ಯಾರಿಸ್ಸಿನಲ್ಲಿ ಅವರು ಸಾರ್ವಜನಿಕ ಉಪನ್ಯಾಸಗಳನ್ನು ಆರಂಭಿಸಿದಾಗ ಅಲ್ಲಿನ ವಾತಾವರಣದಲ್ಲಿ ಮೆಸ್ಮರ್ ಎಂಬ ವೈದ್ಯರ ಹೆಸರು ಇನ್ನೂ ಉಳಿದಿತ್ತು. ಎಲ್ಲ ಜೀವಿಗಳಲ್ಲಿಯೂ ಕಣ್ಣಿಗೆ ಕಾಣದ ಕಾಂತದ್ರವವೊಂದು ಹರಿಯುತ್ತದೆ, ಅದನ್ನು ಕೈಯಾಡಿಸಿ ರೋಗಿಯ ಮೈಗೆ ಹರಿಸಿದರೆ ರೋಗ ವಾಸಿಯಾಗುತ್ತದೆ ಎಂದು ಮೆಸ್ಮರ್ ಸಾರಿದ್ದರು. ಇದು ಸುಳ್ಳೆಂದು ಹೇಳುವುದು ಸುಲಭವಿರಲಿಲ್ಲ. ಏಕೆಂದರೆ ಜನ ಕಣ್ಣಾರೆ ಕಂಡಿದ್ದರು. ಮೆಸ್ಮರ್ ಕೈಯಾಡಿಸಿದಾಗ ರೋಗಿಗಳು ನಡುಗುತ್ತಿದ್ದರು, ಬಿದ್ದು ಹೊರಳುತ್ತಿದ್ದರು, ಕೆಲವರು ಗುಣವಾಗಿ ಎದ್ದು ಹೋಗುತ್ತಿದ್ದರು. ಕೈಯಾಡಿಸಿದ್ದು ಮೊದಲು, ನಡುಕ ಬಂದದ್ದು ನಂತರ. ಹಾಗಿದ್ದ ಮೇಲೆ ಕೈಯೇ ಕಾರಣವಲ್ಲವೇ?

1784ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ ಇದನ್ನು ಪರೀಕ್ಷಿಸಲು ಒಂದು ಆಯೋಗವನ್ನು ನೇಮಿಸಿದನು. ರಸಾಯನ ವಿಜ್ಞಾನಿ ಲವಾಸಿಯೆ ಅದರಲ್ಲಿದ್ದರು. ಆಗ ಅಮೆರಿಕದ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಅದರಲ್ಲಿದ್ದರು. ಅವರು ನಡೆಸಿದ ಒಂದು ಪರೀಕ್ಷೆಯನ್ನು ನೀವು ಮರೆಯಬಾರದು. ಫ್ರಾಂಕ್ಲಿನ್ನರ ಮನೆಯ ತೋಟದಲ್ಲಿ ಒಂದು ಮರಕ್ಕೆ ಮೆಸ್ಮರರ ಶಿಷ್ಯರೊಬ್ಬರು ಕಾಂತಶಕ್ತಿಯನ್ನು ತುಂಬಿದರು. ಆಮೇಲೆ ಹನ್ನೆರಡು ವರ್ಷದ ಒಬ್ಬ ಹುಡುಗನನ್ನು ಕಣ್ಣುಕಟ್ಟಿ ಕರೆತಂದು, ಯಾರೂ ಮುಟ್ಟದಿದ್ದ ನಾಲ್ಕು ಮರಗಳನ್ನು ಒಂದಾದ ಮೇಲೊಂದರಂತೆ ಅಪ್ಪಿಕೊಳ್ಳಲು ಹೇಳಿದರು. ಪ್ರತಿ ಮರಕ್ಕೂ ಹುಡುಗನ ಅವಸ್ಥೆ ಹೆಚ್ಚಿತು. ನಾಲ್ಕನೆಯ ಮರದ ಬಳಿ ಅವನು ಪ್ರಜ್ಞೆ ತಪ್ಪಿ ಬಿದ್ದನು. ಶಕ್ತಿ ತುಂಬಿದ ಮರ ಅಲ್ಲಿಂದ ಇಪ್ಪತ್ತನಾಲ್ಕು ಅಡಿ ದೂರದಲ್ಲಿತ್ತು. ಹುಡುಗ ನಟಿಸಿದನೆಂದು ಯಾರೂ ಹೇಳಲಿಲ್ಲ. ಅವನು ಬಿದ್ದದ್ದು ನಿಜ, ಅದಕ್ಕೆ ಮರ ಕಾರಣವಲ್ಲ ಎಂಬುದೂ ನಿಜ. ಕಲ್ಪನೆಯೊಂದೇ ಇದ್ದರೂ ಪರಿಣಾಮ ಉಂಟಾಗುತ್ತದೆ, ಕಲ್ಪನೆಯಿಲ್ಲದೆ ಕಾಂತವೊಂದೇ ಇದ್ದರೆ ಏನೂ ಆಗುವುದಿಲ್ಲ ಎಂದು ಆಯೋಗ ತೀರ್ಮಾನಿಸಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆಯೋಗದವರು ಜನರಿಗಿಂತ ಹೆಚ್ಚು ಬುದ್ಧಿವಂತರಾಗಿದ್ದರಿಂದ ಗೆದ್ದದ್ದಲ್ಲ. ಜನ ಕೇಳದಿದ್ದ ಒಂದು ಪ್ರಶ್ನೆಯನ್ನು ಅವರು ಕೇಳಿದರು: ಕೈಯಾಡಿಸದೆಯೇ, ಕೈಯಾಡಿಸಿದ್ದಾರೆಂದು ನಂಬಿಸಿದರೆ ಏನಾಗುತ್ತದೆ? ನಮ್ಮ ನಂಬಿಕೆ ಸುಳ್ಳಾಗಿದ್ದರೆ ಅದು ಗೊತ್ತಾಗುವಂತಹ ಸಂದರ್ಭವನ್ನು ನಾವೇ ಉಂಟುಮಾಡುವುದು. ಲೋಕಜ್ಞಾನ ಮತ್ತು ವಿಜ್ಞಾನಗಳ ನಡುವಿನ ಗೆರೆ ಇರುವುದು ಇಲ್ಲಿಯೇ. ಲೋಕಜ್ಞಾನವು ತನ್ನನ್ನು ಸಮರ್ಥಿಸುವ ಉದಾಹರಣೆಗಳನ್ನು ಕೂಡಿಸಿಕೊಳ್ಳುತ್ತದೆ. ವಿಜ್ಞಾನವು ತನ್ನನ್ನು ಸೋಲಿಸಬಹುದಾದ ಉದಾಹರಣೆಯನ್ನು ಹುಡುಕಿಕೊಂಡು ಹೋಗುತ್ತದೆ.

ಆಯೋಗವು "ಬರೀ ಕಲ್ಪನೆ" ಎಂದು ಹೇಳಿ ಕಡತ ಮುಚ್ಚಿತು. ಫಾರಿಯಾರ ಹಿರಿಮೆಯೆಂದರೆ ಅವರು ಆ ಕಡತವನ್ನು ಮತ್ತೆ ತೆರೆದರು. ದ್ರವವೂ ಇಲ್ಲ, ಮಾಡಿಸುವವನ ಇಚ್ಛಾಶಕ್ತಿಯೂ ಇಲ್ಲ ಎಂದಾದರೆ ಈ ನಿದ್ರೆ ಎಲ್ಲಿಂದ ಬರುತ್ತದೆ? ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಏಕೆ? ಅವರು ಕೈಯಾಡಿಸುವುದನ್ನು ಬಿಟ್ಟರು. ಎದುರಿಗಿದ್ದವರನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿ ಮನಸ್ಸನ್ನು ಏಕಾಗ್ರಗೊಳಿಸಲು ಹೇಳಿ, ಗಟ್ಟಿದನಿಯಲ್ಲಿ "ನಿದ್ರಿಸಿ" ಎಂದಷ್ಟೇ ಆಜ್ಞಾಪಿಸುತ್ತಿದ್ದರು. ಕೆಲವರು ನಿದ್ರಿಸುತ್ತಿದ್ದರು. ನನ್ನಿಂದ ಏನೂ ಹೊರಡುವುದಿಲ್ಲ, ಆಗುವುದೆಲ್ಲ ನಿದ್ರಿಸುವವರ ಒಳಗೇ ಆಗುತ್ತದೆ ಎಂಬುದು ಅವರ ವಾದದ ತಿರುಳು. ಪ್ಯಾರಿಸ್ ಅವರನ್ನು ನೋಡಿ ನಕ್ಕಿತು. 1816ರಲ್ಲಿ ಅವರನ್ನು ಅಣಕಿಸುವ ಪ್ರಹಸನವೊಂದು ರಂಗದ ಮೇಲೆ ಬಂತು. ತಮ್ಮ ವಿಚಾರಗಳ ಗ್ರಂಥ ಹೊರಬಂದ 1819ರಲ್ಲಿಯೇ ಅವರು ತೀರಿಕೊಂಡರು. 1840ರ ದಶಕದಲ್ಲಿ ಜೇಮ್ಸ್ ಬ್ರೇಡ್ ಎಂಬ ಶಸ್ತ್ರವೈದ್ಯರು ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದರು. ಫ್ರಾನ್ಸಿನ ನಾನ್ಸಿ ನಗರದ ವೈದ್ಯರು ಸೂಚನೆಯ ತತ್ತ್ವವನ್ನು ಬೆಳೆಸಿದರು. ಅದನ್ನು ನೋಡಲು 1889ರಲ್ಲಿ ಫ್ರಾಯ್ಡ್ ಅಲ್ಲಿಗೆ ಹೋದರು. ಕಾಂದೋಳಿಯ ಪಾದ್ರಿ ಆ ದಾರಿಯ ಮೊದಲ ಹೆಜ್ಜೆ ಇಟ್ಟವರಲ್ಲೊಬ್ಬರು. ಲೋಕಕ್ಕೆ ಮಾತ್ರ ಹೆಚ್ಚು ಪರಿಚಿತನಾಗಿರುವುದು ಅಲೆಕ್ಸಾಂಡರ್ ಡ್ಯೂಮಾರ ಕಾದಂಬರಿಯಲ್ಲಿ ಸೆರೆಮನೆಯ ಸುರಂಗ ತೋಡುವ ಇಟಲಿಯ ಪಾದ್ರಿ ಫಾರಿಯಾ!

ಹಾಗೆಂದು ಫಾರಿಯಾರನ್ನು ಪೂಜಿಸಬೇಕಿಲ್ಲ. ಕೆಲವರು ಬೇಗ ನಿದ್ರೆಗೆ ಸಲ್ಲುವುದಕ್ಕೆ ಅವರ ರಕ್ತ ತೆಳುವಾಗಿರುವುದೇ ಕಾರಣ ಎಂದು ಅವರು ನಂಬಿದ್ದರು. ಅದು ತಪ್ಪು. ಆ ಕಾಲದ ವೈದ್ಯದ ಲೋಕಜ್ಞಾನ ಅವರ ತಲೆಯೊಳಗೂ ಇತ್ತು. 1959ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಎಲ್ಲರಿಗೂ ಒಂದೇ ಬಗೆಯ ಸೂಚನೆಗಳನ್ನು ಕೊಟ್ಟು ಈ ಗುಣವನ್ನು ಅಳೆಯುವ ಮಾಪನ ಸಿದ್ಧವಾಯಿತು. ಕೆಲವರು ಬಹಳ ಸುಲಭವಾಗಿ, ಕೆಲವರು ಎಷ್ಟು ಮಾಡಿದರೂ ಇಲ್ಲದಂತೆ, ಬಹುಪಾಲು ಜನ ನಡುವೆ ಇದ್ದಾರೆಂದೂ, ಇದು ಒಬ್ಬ ವ್ಯಕ್ತಿಯಲ್ಲಿ ವರ್ಷಾನುಗಟ್ಟಲೆ ಹೆಚ್ಚು ಬದಲಾಗದೆ ಉಳಿಯುತ್ತದೆಂದೂ ತಿಳಿದುಬಂತು. ವಿಜ್ಞಾನಿಯೂ ತಪ್ಪುತ್ತಾನೆ. ಆದರೆ ಆ ತಪ್ಪನ್ನು ಹಿಡಿದು ತಿದ್ದುವ ವಿಧಾನವನ್ನು ಅವನು ಮುಂದಿನವರ ಕೈಯಲ್ಲಿಟ್ಟು ಹೋಗುತ್ತಾನೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಕನ್ನಡಿಗರ ಲೋಕಜ್ಞಾನದ ಭಂಡಾರ ಯಾವುದೆಂದರೆ ನಾವು ಗಾದೆಗಳನ್ನು ತೋರಿಸುತ್ತೇವೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವುದಕ್ಕೂ ಒಂದು ಗಾದೆಯಿದೆ. "ಹುಟ್ಟುಗುಣ ಸುಟ್ಟರೂ ಹೋಗದು" ಎನ್ನುತ್ತೇವೆ; "ಹಾಡ್ತಾ ಹಾಡ್ತಾ ರಾಗ" ಎಂದೂ ಎನ್ನುತ್ತೇವೆ. "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎನ್ನುವ ಬಾಯಿಯೇ "ಸಹವಾಸದಿಂದ ಸನ್ಯಾಸಿ ಕೆಟ್ಟ" ಎನ್ನುತ್ತದೆ. ಗುಣ ಹುಟ್ಟಿನಿಂದ ಬರುತ್ತದೆಯೇ, ಅಭ್ಯಾಸ ಸಹವಾಸಗಳಿಂದ ಬರುತ್ತದೆಯೇ? ಗಾದೆಯನ್ನು ಕೇಳಿದರೆ ಎರಡೂ ಹೌದು. ಹುಡುಗ ಉದ್ಧಾರವಾದರೆ ಒಂದು ಗಾದೆ, ಕೆಟ್ಟುಹೋದರೆ ಇನ್ನೊಂದು ಗಾದೆ. ಎಂದೂ ಸೋಲದಂತೆ ಎರಡು ಬಾಗಿಲುಗಳು. ಇದು ಗಾದೆಯ ದೋಷವೆಂದು ನಾನು ಹೇಳುತ್ತಿಲ್ಲ. ಗಾದೆ ಹುಟ್ಟಿದ್ದು ಸಂದರ್ಭಕ್ಕೆ ತಕ್ಕ ಸಮಾಧಾನವನ್ನೋ ಎಚ್ಚರಿಕೆಯನ್ನೋ ಹೇಳಲಿಕ್ಕೆ. ಅದನ್ನು ಮನಸ್ಸಿನ ನಿಯಮವೆಂದು ನಂಬಿ ಒಬ್ಬರ ಬದುಕಿನ ಮೇಲೆ ತೀರ್ಪು ಕೊಡುವುದು ನಮ್ಮ ದೋಷ.

"ಮನೋವಿಜ್ಞಾನಿಗಳು ಹೇಳುವುದು ನಮಗೆ ಮೊದಲೇ ಗೊತ್ತಿತ್ತು" ಎಂಬ ಮಾತೂ ಸಾಮಾನ್ಯ. ಇದಕ್ಕೆ ಸಮಾಜವಿಜ್ಞಾನಿ ಪಾಲ್ ಲಜಾರ್ಸ್‌ಫೆಲ್ಡ್ 1949ರಲ್ಲಿಯೇ ಉತ್ತರ ಕೊಟ್ಟಿದ್ದಾರೆ. ಎರಡನೆಯ ಮಹಾಯುದ್ಧದ ಅಮೆರಿಕನ್ ಸೈನಿಕರನ್ನು ಕುರಿತ ಅಧ್ಯಯನದ ಫಲಿತಾಂಶಗಳೆಂದು ಅವರು ಕೆಲವು ಮಾತುಗಳನ್ನು ಪಟ್ಟಿಮಾಡಿದರು. ಹೆಚ್ಚು ಓದಿದ ಸೈನಿಕರಲ್ಲಿ ಮಾನಸಿಕ ತೊಂದರೆಯ ಲಕ್ಷಣಗಳು ಹೆಚ್ಚು. ಹಳ್ಳಿಯಿಂದ ಬಂದವರು ಪಟ್ಟಣದವರಿಗಿಂತ ಹೆಚ್ಚು ಉತ್ಸಾಹದಿಂದಿದ್ದರು. ಓದುಗ ತಲೆಯಾಡಿಸುತ್ತಾನೆ: ಓದಿದವರು ಸೂಕ್ಷ್ಮ, ಹಳ್ಳಿಯವರಿಗೆ ಕಷ್ಟ ರೂಢಿ, ಇದನ್ನು ತಿಳಿಯಲು ಅಧ್ಯಯನ ಬೇಕೇ? ಆಮೇಲೆ ಲಜಾರ್ಸ್‌ಫೆಲ್ಡ್ ಹೇಳುತ್ತಾರೆ, ಈ ಒಂದೊಂದು ಮಾತೂ ನಿಜವಾದ ಫಲಿತಾಂಶಕ್ಕೆ ತದ್ವಿರುದ್ಧ. ನಿಜವಾದ ಫಲಿತಾಂಶವನ್ನು ಮೊದಲೇ ಹೇಳಿದ್ದರೆ ಅದಕ್ಕೂ ನಾವು ತಲೆಯಾಡಿಸುತ್ತಿದ್ದೆವು. ಯಾವ ಉತ್ತರ ಕೊಟ್ಟರೂ "ಗೊತ್ತಿತ್ತು" ಎನ್ನುವ ತಿಳಿವಳಿಕೆ, ತಿಳಿವಳಿಕೆಯೇ ಅಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ ಒಂದು ಪ್ರಯೋಗವಿದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಸಂಶೋಧಕರು ಕಾರುಗಳ ಡಿಕ್ಕಿಯ ಚಿತ್ರಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ ಕಾರುಗಳ ವೇಗ ಎಷ್ಟಿತ್ತೆಂದು ಕೇಳಿದರು. ಪ್ರಶ್ನೆಯಲ್ಲಿ ಬದಲಾದದ್ದು ಕ್ರಿಯಾಪದ ಮಾತ್ರ. "ತಾಗಿದಾಗ" ಎಂಬರ್ಥದ ಪದ ಬಳಸಿದಾಗ ಉತ್ತರಗಳ ಸರಾಸರಿ ಗಂಟೆಗೆ ಸುಮಾರು 32 ಮೈಲಿ; "ಅಪ್ಪಳಿಸಿದಾಗ" ಎಂಬರ್ಥದ ಪದ ಬಳಸಿದಾಗ ಸುಮಾರು 41 ಮೈಲಿ. ಇನ್ನೊಂದು ಪ್ರಯೋಗದಲ್ಲಿ, ಚಿತ್ರ ತೋರಿಸಿ ಒಂದು ವಾರವಾದ ಮೇಲೆ, ಒಡೆದ ಗಾಜು ಕಂಡಿರಾ ಎಂದು ಕೇಳಿದರು. ಅಪ್ಪಳಿಸುವಿಕೆಯ ಪದ ಕೇಳಿದ್ದ 50 ಮಂದಿಯಲ್ಲಿ 16 ಮಂದಿ ಹೌದೆಂದರು. "ಹೊಡೆದಾಗ" ಎಂಬ ಪದ ಕೇಳಿದ್ದ 50 ಮಂದಿಯಲ್ಲಿ 7 ಮಂದಿ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ನೆನಪೆಂದರೆ ಮನಸ್ಸಿನ ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ಇಟ್ಟ ಹಾಗೆ ತೆಗೆಯುವುದು ಎಂಬ ನಮ್ಮೆಲ್ಲರ ಎಣಿಕೆ ಇಲ್ಲಿ ಬಿರುಕುಬಿಡುತ್ತದೆ. ಧ್ವನಿ, ವ್ಯಂಗ್ಯ, ಪದದ ಛಾಯೆ ಎಂದು ನಾವು ಕಾವ್ಯಮೀಮಾಂಸೆಯ ತರಗತಿಯಲ್ಲಿ ಓದುವುದು ಸಾಕ್ಷಿಕಟ್ಟೆಯಲ್ಲಿಯೂ ಕೆಲಸ ಮಾಡುತ್ತದೆ.

ಸಾಕ್ಷಿಕಟ್ಟೆಯ ಮಾತು ಸುಮ್ಮನೆ ಹೇಳಿದ್ದಲ್ಲ. ಒಳಗೆ ಸತ್ಯ ಕೂತಿದೆ, ಮದ್ದು ಕೊಟ್ಟು ಮೈಮರೆಸಿದರೆ ಅದು ಹೊರಬರುತ್ತದೆ ಎಂಬ ನಂಬಿಕೆಯಿಂದ ನಮ್ಮ ಬೆಂಗಳೂರಿನಲ್ಲಿಯೇ ಆರೋಪಿಗಳಿಗೆ ಮಂಪರು ಪರೀಕ್ಷೆ ನಡೆಯುತ್ತಿದ್ದ ಕಾಲವೊಂದಿತ್ತು. ಟಿ.ವಿ.ಯಲ್ಲಿ ಅದನ್ನು ನೋಡಿದವರು ಅಪರಾಧ ಸಾಬೀತಾಯಿತೆಂದೇ ಭಾವಿಸಿದರು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂತಹ ಪರೀಕ್ಷೆಗಳನ್ನು ನಡೆಸುವಂತಿಲ್ಲ ಎಂದು ತೀರ್ಪಿತ್ತಿತು. ಮಂಪರಿನಲ್ಲಿರುವವನು ಕೇಳುವವರ ಸೂಚನೆಗೆ ಸುಲಭವಾಗಿ ವಾಲುತ್ತಾನೆ; ಸಮ್ಮೋಹನದಲ್ಲಿ ನೆನಪಿನ ಬಗೆಗಿನ ಆತ್ಮವಿಶ್ವಾಸ ಹೆಚ್ಚುವಷ್ಟು ನೆನಪಿನ ನಿಖರತೆ ಹೆಚ್ಚುವುದಿಲ್ಲ. ಫಾರಿಯಾರ ಪ್ರತಿಮೆಯನ್ನು ತಪ್ಪಾಗಿ ಓದಿದರೆ ನಷ್ಟವಿಲ್ಲ. ಮನುಷ್ಯನ ಮನಸ್ಸನ್ನು ತಪ್ಪಾಗಿ ಓದಿದರೆ ಯಾರೋ ಒಬ್ಬರು ಜೈಲಿಗೆ ಹೋಗುತ್ತಾರೆ.

ಇದನ್ನು ಬರೆಯುತ್ತಿರುವ ನಾನೂ ಹೊರತಲ್ಲ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಚುರುಕಾಗಿದ್ದ ಒಬ್ಬ ವಿದ್ಯಾರ್ಥಿನಿ ಇದ್ದಕ್ಕಿದ್ದಂತೆ ಹಿಂದಿನ ಬೆಂಚಿಗೆ ಸರಿದಳು. ಬರೆದುಕೊಡಬೇಕಾದ್ದನ್ನು ಕೊಡಲಿಲ್ಲ, ಕೇಳಿದರೆ ಉತ್ತರವಿಲ್ಲ. ಸೋಮಾರಿತನವೆಂದು ನಾನು ತೀರ್ಮಾನಿಸಿದೆ. "ಮನಸ್ಸಿದ್ದರೆ ಮಾರ್ಗ, ನೀನು ಮನಸ್ಸು ಮಾಡುತ್ತಿಲ್ಲ ಅಷ್ಟೇ" ಎಂದು ಎಲ್ಲರೆದುರು ಹೇಳಿದೆ. ಮರುವಾರದಿಂದ ಅವಳು ಬರಲಿಲ್ಲ. ತಿಂಗಳುಗಳ ನಂತರ ಅವಳ ತಂದೆ ಬಂದು, ಮಗಳು ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದಾಳೆಂದು ತಿಳಿಸಿದರು. ಮುಂದಿನ ವರ್ಷ ಮರಳಿ ಬಂದು ಪದವಿ ಮುಗಿಸಿದಳು. ಹೋಗುವ ಮುನ್ನ ಒಂದು ದಿನ ಹೇಳಿದಳು: "ಸರ್, ಮನಸ್ಸು ಮಾಡೋಕೆ ಬೇಕಾದ ಮನಸ್ಸೇ ಆಗ ನನ್ನ ಹತ್ತಿರ ಇರಲಿಲ್ಲ." ನಿದ್ದೆ, ಹಸಿವು, ಆಸಕ್ತಿ, ಗಮನ ಇವು ಎರಡು ವಾರಕ್ಕೂ ಮಿಕ್ಕಿ ಕುಂದಿದರೆ ಅದನ್ನು ಕಾಯಿಲೆಯ ಲಕ್ಷಣವೆಂದು ಪರಿಗಣಿಸಬೇಕು ಎಂಬುದು ವೈದ್ಯವಿಜ್ಞಾನದಲ್ಲಿ ಹೊಸ ಮಾತಲ್ಲ. ನನಗೆ ಗೊತ್ತಿರಲಿಲ್ಲ; ಅದಕ್ಕಿಂತ ಹೆಚ್ಚಾಗಿ, ನನಗೆ ಗೊತ್ತಿದೆಯೆಂದು ನಾನು ತಿಳಿದಿದ್ದೆ. ನಿಮ್ಮಲ್ಲಿ ಯಾರಿಗಾದರೂ ಅಂತಹ ದಿನಗಳು ಬಂದರೆ, ಗಾದೆ ಹೇಳುವ ನನ್ನಂಥವರ ಮಾತಿಗೆ ಕಾಯದೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು.

ಹಾಗಾದರೆ ಕವಿಗಳೂ ಕಾದಂಬರಿಕಾರರೂ ಮನಸ್ಸನ್ನು ಬಲ್ಲವರಲ್ಲವೇ ಎಂದು ನೀವು ಕೇಳಬಹುದು. ಬಲ್ಲರು. ಸಾಹಿತ್ಯವು ಒಬ್ಬ ವ್ಯಕ್ತಿಯ ಒಳಗನ್ನು ಅದರ ಎಲ್ಲ ಗೋಜಲುಗಳೊಡನೆ ಕಾಣಿಸುತ್ತದೆ. ಆ ಕೆಲಸವನ್ನು ಯಾವ ಮಾಪನವೂ ಮಾಡಲಾರದು. ಆದರೆ ಒಂದು ಪಾತ್ರ ಹೀಗಿತ್ತೆಂಬುದರಿಂದ ಜನರೆಲ್ಲ ಹೀಗೆಯೇ ಎಂದು ತೀರ್ಮಾನಿಸಲಾಗದು. ಆ ಪ್ರಶ್ನೆಗೆ ಎಣಿಸುವ, ಹೋಲಿಸುವ, ಪರೀಕ್ಷಿಸುವ ವಿಧಾನವೇ ಬೇಕು. ಎರಡಕ್ಕೂ ಕನ್ನಡದಲ್ಲಿ ಜಾಗವಿದೆ. ಮೈಸೂರಿನಲ್ಲಿ ಮನೋವಿಜ್ಞಾನದ ವಿಭಾಗ 1924ರಲ್ಲಿಯೇ ಆರಂಭವಾಯಿತು. ಅದನ್ನು ಕಟ್ಟಿದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ಆಕಾಶವಾಣಿ ಎಂಬ ಬಾನುಲಿ ಕೇಂದ್ರವನ್ನು ತೆರೆದವರು. ಕೊರವಂಜಿಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರ "ಮನಮಂಥನ"ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸನ್ನು ಕುರಿತ ವೈಜ್ಞಾನಿಕ ಬರಹ ನಮ್ಮ ಸಾಹಿತ್ಯದ ಹೊರಗಿನದಲ್ಲ. ಆದರೆ ಮನಶ್ಶಾಸ್ತ್ರೀಯ ವಿಮರ್ಶೆ ಎಂದು ಬರೆಯುವಾಗ ನಾವು ಈ ಪುಸ್ತಕಗಳನ್ನು ತೆರೆಯುವುದು ಅಪರೂಪ; ಫ್ರಾಯ್ಡರ ಹೆಸರಿನ ಜೊತೆಗೆ ನಮ್ಮ ಊಹೆಗಳನ್ನೇ ಬೆರೆಸಿ ಮುಗಿಸುತ್ತೇವೆ.

ನನ್ನ ವಿನಂತಿ ಇಷ್ಟೇ. ಒಂದು ಪಾತ್ರದ ಬಗ್ಗೆ, ಒಬ್ಬ ಲೇಖಕಿಯ ಬಗ್ಗೆ, ಪಕ್ಕದ ಬೆಂಚಿನ ಗೆಳೆಯನ ಬಗ್ಗೆ "ಅವರ ಮನಸ್ಸು ಹೀಗೆ" ಎಂದು ಬರೆಯುವ ಅಥವಾ ಆಡುವ ಮೊದಲು ಫ್ರಾಂಕ್ಲಿನ್ನರ ತೋಟದ ಆ ಪ್ರಶ್ನೆಯನ್ನು ಕೇಳಿಕೊಳ್ಳಿ: ನಾನು ಹೇಳುವುದು ಸುಳ್ಳಾಗಿದ್ದರೆ ಅದು ನನಗೆ ಹೇಗೆ ಗೊತ್ತಾಗುತ್ತದೆ? ಉತ್ತರ ಸಿಗದಿದ್ದರೆ ಆ ವಾಕ್ಯವನ್ನು ತಡೆಹಿಡಿಯಿರಿ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ನಮ್ಮ ಹಿರಿಯರೇ ಒಂದು ಗಾದೆಯಲ್ಲಿ ಇದನ್ನು ಹೇಳಿಟ್ಟಿದ್ದಾರೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು. ಉಳಿದೆಲ್ಲ ಗಾದೆಗಳನ್ನು ಅಳೆಯಲು ಬೇಕಾದ ಗಾದೆ ಇದು.

ಪಣಜಿಯಿಂದ ಹೊರಡುವ ಮೊದಲು ನಮ್ಮ ವಿದ್ಯಾರ್ಥಿಗಳು ಪ್ರತಿಮೆಯ ಮುಂದೆ ಇನ್ನೊಂದು ಫೋಟೊ ತೆಗೆಸಿಕೊಂಡರು. ರಾಮಚಂದ್ರ ಪಾಂಡುರಂಗ ಕಾಮತರು 1945ರಲ್ಲಿ ಕಡೆದ ಆ ಕಂಚಿನಲ್ಲಿ ಎಲ್ಲರ ಕಣ್ಣು ಪಾದ್ರಿಯ ಕೈಯ ಮೇಲೆಯೇ ನೆಡುತ್ತದೆ. ಮುಂದೆ ನೀವು ಹೋದಾಗ ಒಂದಿಷ್ಟು ಹೊತ್ತು ಆ ಹೆಂಗಸಿನ ಮುಖವನ್ನು ನೋಡಿ. ನಡೆಯುತ್ತಿರುವುದು ಅಲ್ಲಿ ಎಂದು ಫಾರಿಯಾ ಹೇಳಿದ್ದರು.